ಬ್ರೇಕ್ ಇಲ್ಲದ ಬೈಕು

ಯಾರಾದರೂ ಮೋಟಾರ್‌ಸೈಕಲ್ ರೇಸಿನ ಮಾತೆತ್ತಿದರೆ ನಾನು ಮೆಲ್ಲಗೆ ಎದ್ದು ನೀರು ಕುಡಿಯಲು ಹೋಗುತ್ತೇನೆ. ಬಾಯಾರಿಕೆಯಿಂದಲ್ಲ, ನಾಚಿಕೆಯಿಂದ.

ಆಗ ನಾನು ಕುವೈತಿನಲ್ಲಿ ಇಂಜಿನಿಯರ್. ಅಬು ಹಲೀಫಾದ ನಮ್ಮ ಕಟ್ಟಡದ ಕನ್ನಡಿಗರು ಶುಕ್ರವಾರ ರಜೆಯ ಬೆಳಿಗ್ಗೆ ನಮ್ಮ ಮನೆಯಲ್ಲಿ ಉಪ್ಪಿಟ್ಟಿಗೆ ಸೇರುತ್ತಿದ್ದರು. ಅಲ್ಲೊಂದು ಅಲಿಖಿತ ನಿಯಮವಿತ್ತು: ಊರಿನಲ್ಲಿ ತಾನು ಏನಾಗಿದ್ದೆ ಎಂದು ಯಾರು ಹೇಳಿದರೂ ಉಳಿದವರು ನಂಬಬೇಕು. ಹೀಗಾಗಿ ನಮ್ಮಲ್ಲಿ ರಾಜ್ಯ ತಂಡದ ಕ್ರಿಕೆಟಿಗರೇ ಇಬ್ಬರಿದ್ದರು. ಸಿನಿಮಾ ನಾಯಕನಾಗುವುದು ಕೂದಲೆಳೆಯಲ್ಲಿ ತಪ್ಪಿದವರೊಬ್ಬರು. ನನ್ನ ಪಾಲಿಗೆ ಉಳಿದದ್ದು ಹಳೆಯ ಇಂಗ್ಲಿಷ್ ಪತ್ರಿಕೆಗಳಲ್ಲಿ ಓದಿದ್ದ ಸ್ಪೀಡ್‌ವೇ ತಾರೆಯರು. ಮಣ್ಣಿನ ಹಾದಿಯಲ್ಲಿ ಎಡಗಾಲು ನೆಲಕ್ಕೆ ತಾಗಿಸಿ, ಹಿಂದಿನ ಚಕ್ರ ಜಾರಿಸುತ್ತ ನಾಲ್ಕು ಸುತ್ತು ಹಾಕುವ ಶೂರರು. ಹಾಲು ಮಾರುತ್ತಿದ್ದವನೊಬ್ಬ ಚಾಂಪಿಯನ್ ಆದದ್ದು, ಹೆಗಲ ಮೂಳೆ ಮುರಿದವನೊಬ್ಬ ಮತ್ತೆ ಗೆದ್ದು ಕೊನೆಗಾಲದಲ್ಲಿ ಗುಲಾಬಿ ಬೆಳೆಸಿದ್ದು, ಎಲ್ಲ ಹೇಳುತ್ತ ಹೇಳುತ್ತ ಒಂದು ಶುಕ್ರವಾರ ನಾನೂ ಆ ಸಾಲಿನಲ್ಲಿ ನಿಂತುಬಿಟ್ಟೆ.

"ಕೊನೇ ತಿರುವಲ್ಲಿ ಬ್ರೇಕ್ ಒತ್ತಿದೆ ನೋಡಿ, ಗೆದ್ದೇಬಿಟ್ಟೆ!"

ಹತ್ತು ವರ್ಷದ ಮಗಳು ಅದಿತಿ ಕಣ್ಣರಳಿಸಿದಳು. ಕೆಳಗಿನ ಹೋಟೆಲಿನ ಸ್ಟೋರ್‌ಕೀಪರ್, ಉಡುಪಿ ಕಡೆಯ ಸಂಜೀವಣ್ಣ, ಸುಮ್ಮನೆ ಚಹಾ ಕುಡಿಯುತ್ತಿದ್ದರು.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಕೆಲವೇ ದಿನಗಳಲ್ಲಿ ನನ್ನ ಹೆಂಡತಿ ಸುಮಾಳ ಉಬ್ಬಸದ ಔಷಧಿ ಮುಗಿಯಿತು. ಸಲ್ವಾ ಬಡಾವಣೆಯಲ್ಲಿದ್ದ ಪರಿಚಯದ ಡಾಕ್ಟರ ಬಳಿ ಇತ್ತು. ದಾರಿಯಲ್ಲಿ ಸೈನಿಕರು ಕಾರುಗಳನ್ನು ಕಿತ್ತುಕೊಳ್ಳುತ್ತಿದ್ದರು. ಹೋಟೆಲಿನ ಬೈಕಾದರೆ ಒಳದಾರಿಯಲ್ಲಿ ನುಸುಳಬಹುದಿತ್ತು. ಎಲ್ಲರೂ ನನ್ನ ಮುಖ ನೋಡಿದರು.

"ಅಪ್ಪ, ಯು ಆರ್ ದ ರೇಸರ್!" ಎಂದಳು ಅದಿತಿ.

ಒಳಗೆ ಸುಮಾ ಉಸಿರಿಗೆ ಒದ್ದಾಡುತ್ತಿದ್ದಳು. ಜನ್ಮದಲ್ಲಿ ನಾನು ಓಡಿಸಿದ್ದು ಭಾವನ ಸ್ಕೂಟರು, ಅದನ್ನೂ ಎರಡು ಸಲ ಬಿದ್ದು ಬಿಟ್ಟಿದ್ದೆ. ಯಾರೋ ಕೊಟ್ಟ ಬೈಕಿನ ಕೀಲಿ ಹಿಡಿದು ಬಾಗಿಲಲ್ಲೇ ನಿಂತೆ.

"ನಿಮ್ಗೆ ಮೊಣಕಾಲು ನೋವುಂಟಲ್ಲ, ನಾನು ಹೋಗಿ ಬರ್ತೇನೆ" ಎಂದು ಸಂಜೀವಣ್ಣ ಕೀಲಿ ತೆಗೆದುಕೊಂಡರು. ನನಗೆ ಮೊಣಕಾಲು ನೋವು ಎಂದೂ ಇರಲಿಲ್ಲ. ಮರಳು ಹರಡಿದ್ದ ತಿರುವಿನಲ್ಲಿ ಅವರು ಎಡಗಾಲು ತಾಗಿಸಿ, ಹಿಂದಿನ ಚಕ್ರ ಜಾರಿಸಿ ಮರೆಯಾದಾಗ ನನಗೆಲ್ಲ ಅರ್ಥವಾಯಿತು. ಬಾಗಿಲ ಹಿಂದೆ ಹೋಗಿ ಅತ್ತೆ.

ಮಧ್ಯಾಹ್ನದೊಳಗೆ ಔಷಧಿ ಬಂತು, ಸುಮಾಳ ಉಸಿರು ನೆಟ್ಟಗಾಯಿತು. ಮೆಟ್ಟಿಲ ಮೇಲೆ ಸಂಜೀವಣ್ಣನನ್ನು ತಡೆದು ಕೇಳಿದೆ.

"ಮುಂಬಯಿಯಲ್ಲಿ ಆರು ವರ್ಷ ಓಡಿಸಿದ್ದೆ. ಎರಡು ಕಪ್ ಉಂಟು, ಅಮ್ಮ ಅದ್ರಲ್ಲಿ ಹುಣಸೆಹಣ್ಣು ತುಂಬಿಸಿಟ್ಟಿದ್ದಾರೆ" ಎಂದು ನಕ್ಕರು. "ಆ ರೇಸಿನ ಬೈಕಿಗೆ ಬ್ರೇಕೇ ಇರುದಿಲ್ಲ ಮಾರಾಯ್ರೆ."

"ಮತ್ತೆ ನಾನು ಬ್ರೇಕ್ ಒತ್ತಿದೆ ಅಂದಾಗಲೇ ಯಾಕೆ ಹೇಳಲಿಲ್ಲ?"

"ಮಗಳು ಕೇಳ್ತಾ ಇದ್ದಳಲ್ಲ."

ಮರುವರ್ಷ, ಊರಿಗೆ ಮರಳಿದ ಮೇಲೆ ಮೈಸೂರಿನ ಮನೆಯಲ್ಲಿ, ಧೈರ್ಯ ಮಾಡಿ ಅದಿತಿಗೆ ನಿಜ ಹೇಳಿದೆ. ಅವಳು ಪುಸ್ತಕದಿಂದ ತಲೆ ಎತ್ತಲೂ ಇಲ್ಲ.

"ಐ ನೋ, ಅಪ್ಪ. ನೀನು ಬಾಗಿಲ ಹಿಂದೆ ಅಳ್ತಿದ್ದೆಯಲ್ಲ. ನಿಂಗೆ ಬೇಜಾರಾಗುತ್ತೆ ಅಂತ ಕೇಳ್ಲಿಲ್ಲ."

ನಾನು ಮೆಲ್ಲಗೆ ಎದ್ದು ನೀರು ಕುಡಿಯಲು ಹೋದೆ. ಅದೇ ಮೊದಲು.