ಸುಣ್ಣದ ಗೆರೆಯ ಕಲ್ಲು

ಮುಧೋಳದಿಂದ ಬೀಳಗಿಗೆ ಹೋಗುವ ಹಾದಿಯ ಬಲಕ್ಕೆ ಆ ಗುಡ್ಡ ಒಂಟಿಯಾಗಿ ನಿಂತಿತ್ತು. ಸುತ್ತ ಎರೆ ಹೊಲ, ಕಣ್ಣು ಹಾಯಿಸಿದಷ್ಟು ದೂರ ಇನ್ನೊಂದು ದಿಬ್ಬವಿಲ್ಲ. ಅದು ಸಂಸ್ಥಾನದ ಕಾಲ. ನಾನು ಮೋಜಣಿದಾರ, ಗುಡ್ಡದ ನಕಾಶೆ ಬರೆಯಲು ಹೋದವನು. ಮೂರು ಕಡೆ ಕಡಿದಾದ ಕೆಂಪು ಬಂಡೆ, ಹತ್ತುವ ದಾರಿ ಪಡುವಣಕ್ಕೆ ಒಂದೇ. ತುದಿಯಲ್ಲಿ ಗಾಳಿ ಆಡುತ್ತಿರಲಿಲ್ಲ. ಕೂಗಿದರೆ ದನಿ ತಿರುಗಿ ಬರುತ್ತಿತ್ತು, ಆದರೆ ತಡವಾಗಿ, ಯಾರೋ ಯೋಚಿಸಿ ಉತ್ತರ ಕೊಟ್ಟ ಹಾಗೆ. ನನಗೆ ಹೆದರಿಕೆಯಾಗುತ್ತಿತ್ತು. ಹೆದರಿದಾಗಲೆಲ್ಲ ಆಳುಗಳ ಮೇಲೆ ರೇಗುವುದು ನನ್ನ ಕೆಟ್ಟ ಚಾಳಿ.

ಅಲ್ಲಿಯ ಕುರುಬರದೊಂದು ರೂಢಿ. ಹತ್ತುವವರು ಬುಡದಲ್ಲಿ ತಮ್ಮ ಗುರುತಿನ ಕಲ್ಲಿಡಬೇಕು, ಇಳಿದ ಮೇಲೆ ತಾವೇ ಅದನ್ನು ದೂರ ಎಸೆಯಬೇಕು. ಕಲ್ಲು ಉಳಿದಿದ್ದರೆ ಆ ಮನುಷ್ಯ ಇನ್ನೂ ಮೇಲಿದ್ದಾನೆ. ಅಂಥವು ಏಳೆಂಟು ಉಳಿದಿದ್ದವು, ಕೆಲವಕ್ಕೆ ಪಾಚಿ ಕಟ್ಟಿತ್ತು.

ನನಗೆ ತುದಿಯಲ್ಲಿ ನಿಶಾನೆಯ ಕೋಲು ನಿಲ್ಲಿಸಬೇಕಿತ್ತು. ಮೇಲೆ ಬರೀ ಬೋಳು ಬಂಡೆ. ಕೋಲಿಗೆ ಒತ್ತು ಕೊಡಲು ಬುಡದ ಆ ಕಲ್ಲುಗಳಲ್ಲೇ ನಾಲ್ಕೈದನ್ನು ಆಳುಗಳಿಂದ ಹೊರಿಸಿದೆ. ಅಳತೆಯ ಸರಪಳಿ ಹಿಡಿಯುವ ಮುದುಕ ಕೈಮುಗಿದ.

"ಮುಟ್ಟಬ್ಯಾಡ್ರಿ ಸಾಹೇಬ್ರ, ಅವು ಇನ್ನೂ ಇಳೀದವ್ರ ಕಲ್ಲು."

"ಎತ್ತೋ ಲೇ, ನಿನ್ನ ಹುಚ್ಚು ನಿನ್ನ ಹತ್ರ ಇಟ್ಕೊ!" ಎಂದೆ.

ಮರುದಿನ ಬೆಳಿಗ್ಗೆ ಒಬ್ಬ ಹೆಂಗಸು ಬಂದಳು. ತಪ್ಪಿಸಿಕೊಂಡ ಕುರಿ ಹುಡುಕಲು ಹತ್ತಿದ ಅವಳ ಗಂಡ ನಾಲ್ಕು ವರ್ಷವಾದರೂ ಇಳಿದಿರಲಿಲ್ಲ, ಹೆಣವೂ ಸಿಕ್ಕಿರಲಿಲ್ಲ. ಸುಣ್ಣದ ಗೆರೆ ಎಳೆದ ಅವನ ಕಲ್ಲನ್ನು ಅವಳು ಪ್ರತಿ ಸೋಮವಾರ ಬಂದು ನೋಡಿ ಹೋಗುತ್ತಿದ್ದಳಂತೆ. ಕೈಯಲ್ಲಿ ಬಳೆ ಹಾಗೇ ಇದ್ದವು. ಖಾಲಿ ಜಾಗ ಕಂಡದ್ದೇ ತಡ, ಅವಳು ನಗುತ್ತ ಅತ್ತಳು.

"ಇಳದ ಬಂದಾರ್ರೀ! ಕಲ್ಲ ಎಸದಾರ ನೋಡ್ರಿ! ಯಾ ಕಡೆ ಹ್ವಾದ್ರು, ಕಂಡ್ರೇನ್ರಿ?"

ಮುದುಕ ನನ್ನ ಮುಖ ನೋಡಿದ. ಅಯ್ಯೋ, ನನ್ನ ಹಾಳು ಕೈ ತಾನಾಗಿಯೇ ಎದ್ದು ಊರಿನ ದಾರಿ ತೋರಿಸಿತು. ಅವಳು ಓಡಿದಳು.

ಆ ಕಲ್ಲು ತರಲು ನಾನು ಏದುಸಿರು ಬಿಡುತ್ತ ತುದಿಗೆ ಹತ್ತಿದೆ. ಕೆಳಗೆ ಹೊಲದ ನಡುವೆ ಅವಳು ಕಂಡಳು. ಈಗ ಓಡುತ್ತಿರಲಿಲ್ಲ. ಪಕ್ಕಕ್ಕೆ ತಿರುಗಿ ತಿರುಗಿ ಮಾತಾಡುತ್ತ, ಯಾರಿಗೋ ಜಾಗ ಬಿಟ್ಟವಳಂತೆ ಹಾದಿಯ ಅಂಚಿನಲ್ಲಿ ನಡೆಯುತ್ತಿದ್ದಳು. ಹಾದಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ಸುಳ್ಳ ಹೇಳೀನಿ ಬೇ ಯವ್ವಾ!" ಎಂದು ಕೂಗಿದೆ. ಅವಳು ತಿರುಗಲಿಲ್ಲ. ಆ ಸಲ ನನ್ನ ದನಿಯೂ ತಿರುಗಿ ಬರಲಿಲ್ಲ.

ಕಲ್ಲನ್ನು ಕೆಳಗೆ ತಂದೆ. ಮತ್ತೆ ಬುಡದಲ್ಲಿಟ್ಟರೆ ಅವಳ ಗಂಡನನ್ನು ನಾನೇ ಮೇಲಕ್ಕೆ ಅಟ್ಟಿದಂತೆ. ಎಸೆಯಲು ನಾನು ಯಾರು? ಇಂದಿಗೂ ಅದು ನನ್ನ ಟ್ರಂಕಿನಲ್ಲಿದೆ.