ಇಪ್ಪತ್ತೆಂಟು ಪಾಯಿಂಟ್ ನಾಲ್ಕು

ಗದಗದಿಂದ ಬಂದು ನಾಗಪುರದ ಮದ್ದುಗುಂಡು ಕಾರ್ಖಾನೆಯಲ್ಲಿ ಸವೆದು ನಿವೃತ್ತರಾದ ಉಮಾಪತಿಯವರಿಗೆ ಜನರನ್ನು ಕಂಡರೇ ಆಗುತ್ತಿರಲಿಲ್ಲ. ಈಜುವ ಜನರನ್ನು ಕಂಡರಂತೂ ಮೈಯೆಲ್ಲ ಉರಿ. ಪ್ರತಾಪ ನಗರದ ಈಜುಕೊಳದಲ್ಲಿ ಐವತ್ತು ಮೀಟರಿನ ದಾಖಲೆ ಮೂವತ್ತೈದು ವರ್ಷದಿಂದ ಅವರದೇ: ಇಪ್ಪತ್ತೆಂಟು ಪಾಯಿಂಟ್ ನಾಲ್ಕು ಸೆಕೆಂಡು. ಗಂಡು, ಹೆಣ್ಣು ಎಲ್ಲರಿಗೂ ಅಲ್ಲಿ ಒಂದೇ ದಾಖಲೆ. ಅದನ್ನು ಬಿಟ್ಟರೆ ಈ ಊರಲ್ಲಿ ಅವರ ಹೆಸರು ಇನ್ನೆಲ್ಲೂ ಇರಲಿಲ್ಲ. ಅದಕ್ಕೇ ಪ್ರತಿ ಬೇಸಿಗೆ ಸ್ಪರ್ಧೆಯಲ್ಲೂ ತಾವೇ ಸ್ಟಾಪ್‌ವಾಚ್ ಹಿಡಿದು ಅದನ್ನು ಕಾಯುತ್ತಿದ್ದರು.

"ಮನಷ್ಯಾನ ಮೈ ತಾಕತ್ತ ಇಷ್ಟ ನೋಡು. ದಾಖಲೆ ಎಲ್ಲಾ ಮುಗದಾವ. ಈಗ ಈಜೂದು ಸ್ವಿಮ್‌ಸೂಟು, ಮನಷ್ಯಾ ಅಲ್ಲ," ಎಂದು ಸೋತವರ ಮುಂದೆ ಹೇಳಿ ಖುಷಿಪಡುವುದು ಅವರ ಚಾಳಿ.

ಈ ಮೇ ತಿಂಗಳಲ್ಲಿ ಹದಿನಾರರ ಶರ್ವಾಣಿ ಇಪ್ಪತ್ತೆಂಟೂವರೆ ಸೆಕೆಂಡಿಗೆ ಗೋಡೆ ಮುಟ್ಟಿದಳು. "ನೋಡಿದ್ರ್ಯಾ? ಇಲ್ಲಿಗೇ ನಿಲ್ಲತೈತಿ," ಎಂದು ಉಮಾಪತಿ ಹಲ್ಲು ಕಿರಿದರು.

ಮಿಹಾನ್ ಕೈಗಾರಿಕಾ ವಲಯದಲ್ಲಿ ಎಂಜಿನಿಯರ್ ಆಗಿದ್ದ ಅವಳ ತಾಯಿ, ಮೈಸೂರಿನ ಇಂದುಮತಿ, ಕೇಳಿದಳು: "ನಿಮ್ಮ ಕಾಲದಲ್ಲಿ ವಾಚ್ ಹೇಗೆ ಒತ್ತುತ್ತಿದ್ರು ಸಾರ್?"

"ಈಗಿನಂಗ ಸೀಟಿ ಜೋಡಿ ಇಳಿಯೋ ಬಾವುಟ ನೋಡಕೊಂತ ಕೂಡತಿದ್ದಿಲ್ಲ. ನಮ್ಮ ಆನಂದ್ ಈ ತುದಿಗೆ ನಿಂತು, ಆ ತುದಿ ಸೀಟಿ ಕಿವಿಗೆ ಬಿದ್ದ ಕೂಡ್ಲೆ ಒತ್ತಾಂವ. ಬರೋಬರ್!"

"ಐವತ್ತು ಮೀಟರ್ ಸದ್ದು ಬರೋಕೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಬೇಕು. ವಾಚ್ ಅಷ್ಟು ತಡವಾಗಿ ಶುರುವಾಗಿದೆ, ಅಷ್ಟು ನಿಮಗೆ ಪುಕ್ಕಟೆ ಸಿಕ್ಕಿದೆ. ನಿಜವಾಗಿ ಶರ್ವಾಣಿನೇ ಮುಂದೆ."

ಬಾವುಟ ನೋಡದೆ ಸದ್ದಿಗೆ ವಾಚ್ ಒತ್ತಿದವರನ್ನು ಇಷ್ಟು ವರ್ಷ ಬೈದು ಮನೆಗೆ ಅಟ್ಟಿದವರು ಉಮಾಪತಿಯವರೇ. ಸತ್ತುಹೋದ ಆನಂದನ ಮೇಲೆ, ಈ ಹೆಂಗಸಿನ ಮೇಲೆ, ತಮ್ಮ ಬಾಯಿಯ ಮೇಲೆ ಒಟ್ಟಿಗೇ ಸಿಟ್ಟು ಬಂತು.

ಶರ್ವಾಣಿ ಟವೆಲ್ ಸುತ್ತಿಕೊಂಡು ಬಂದಳು. "ಛೋಡೋ ಅಮ್ಮ. ಅಂಕಲ್‌ಗೆ ಇರೋದೇ ಅದೊಂದು, ಇಟ್ಕೊಳ್ಳಲಿ ಪಾಪ. ಮುಂದಿನ ವರ್ಷ ಆರಾಮಾಗಿ ಮುರೀತೀನಿ."

ಜಗಳಕ್ಕೆ ಬಂದಿದ್ದರೆ ಉಮಾಪತಿ ಸಾಯುವ ತನಕ ವಾದಿಸುತ್ತಿದ್ದರು. ಆದರೆ ಹುಡುಗಿ ‘ಪಾಪ’ ಅಂದುಬಿಟ್ಟಿದ್ದಳು.

"ನಿನ್ನ ಭಿಕ್ಷಾ ನನಗ ಬ್ಯಾಡ!" ಎಂದು ಗದರಿ, ದಾಖಲೆಯ ಪುಸ್ತಕ ಎಳೆದುಕೊಂಡು ತಮ್ಮ ಹೆಸರಿನ ಮೇಲೆ ಗೀಟು ಹಾಕಿದರು. "ಪೂರಾ ಹೆಸರ ಹೇಳು."

ಅವಳು ಹೇಳಿದಳು. ಹಾಳೆ ಹರಿಯುವಷ್ಟು ಒತ್ತಿ ಅವರು ಬರೆದರು. ಬದುಕಿನಲ್ಲಿ ಯಾರನ್ನೂ ಅವರು ಅಷ್ಟು ದ್ವೇಷಿಸಿರಲಿಲ್ಲ.