ಪಥ್ಯದ ಡಬ್ಬಿ ಹಿಡಿದಿಟ್ಟ ಊರು

ಸೊಲ್ಲಾಪುರಕ್ಕೆ ಬಂದ ಮೂರನೆಯ ದಿನ ನವಿ ಪೇಠೆಯ ಹತ್ತಿರ ಸೊಪ್ಪು ಮಾರುವವಳ ಮುಂದೆ ಕೂತು, ಬೆರಳು ತೋರಿಸಿ, ತಲೆಯಾಡಿಸಿ, ಹಿಂದಿಯೋ ಮರಾಠಿಯೋ ನನಗೇ ಗೊತ್ತಿಲ್ಲದ ಭಾಷೆಯಲ್ಲಿ ಮೆಂತ್ಯದ ಕಟ್ಟಿಗೆ ಎಷ್ಟೆಂದು ಕೇಳುತ್ತಿದ್ದೆ. ಅವಳು ನನ್ನ ಕೈಸನ್ನೆಯನ್ನೆಲ್ಲ ಸಮಾಧಾನವಾಗಿ ನೋಡಿ, "ಯಾಕವ್ವಾ, ಬಾಯಿ ಇಲ್ಲೇನು ನಿನಗ? ಬೇಕಂದ್ರ ಬೇಕನ್ನು, ಬ್ಯಾಡಂದ್ರ ಬ್ಯಾಡನ್ನು," ಅಂದಳು. ಅಯ್ಯೋ, ಕನ್ನಡ! ಅಂಗಡಿ ಬೋರ್ಡು, ಬಸ್ಸಿನ ಫಲಕ, ಗೋಡೆ ಬರಹ ಎಲ್ಲವೂ ಮರಾಠಿಯಲ್ಲಿದ್ದ ಊರಿನಲ್ಲಿ ಒಬ್ಬಳು ಹೆಂಗಸು ನನ್ನನ್ನು ಕನ್ನಡದಲ್ಲಿ ಬೈದಿದ್ದಳು. ಅಲ್ಲೇ ಕೂತು ಅತ್ತುಬಿಟ್ಟೆ. ಅವಳು ಗಾಬರಿಯಾಗಿ ಒಂದು ಕಟ್ಟು ಸೊಪ್ಪು ಹೆಚ್ಚಿಗೆ ಕೊಟ್ಟಳು.

ಆಮೇಲೆ ತಿಳಿಯಿತು, ಇಲ್ಲಿ ಕನ್ನಡ ಬಾಯಲ್ಲಿದೆ, ಕಣ್ಣಿಗೆ ಕಾಣುವುದಿಲ್ಲ. ನಾವು ಬಾಡಿಗೆಗಿದ್ದ ವಾಡೆಯ ಮಾಲೀಕರ ಮಗಳು ನನ್ನ ತಂಗಿಯ ಕಾಗದವನ್ನು ಅತ್ತಿತ್ತ ತಿರುಗಿಸಿ, "ಮಾತಾಡಾಕ ಬರತೈತ್ರಿ ವೈನಿ, ಓದಾಕ ಬರಂಗಿಲ್ಲ. ನಮ್ಮ ಸಾಲಿ ಮರಾಠಿ," ಅಂದಳು. ವೈನಿ ಅಂದರೆ ಅತ್ತಿಗೆ. ವಾಡೆ ಅಂದರೆ ನಡುವೆ ಅಂಗಳ, ಸುತ್ತ ನಾಲ್ಕೈದು ಸಂಸಾರ ಇರುವ ಕಲ್ಲಿನ ಹಳೇ ಮನೆ. ಮಹಡಿಯ ಮೇಲೆ ನಮಗೆ ಎರಡು ಕೋಣೆ. ತುಮಕೂರಿನಲ್ಲಿ ಹಿತ್ತಲ ಬಾವಿಗೆ ಕೊಡ ಇಳಿಸುತ್ತಿದ್ದ ನಾನು ಇಲ್ಲಿ ನಲ್ಲಿಯ ನೀರಿಗೆ ದಿನ ಬಿಟ್ಟು ದಿನ ಕಾಯುವುದನ್ನು ಕಲಿತೆ. ಊರಿಂದ ತಂದ ರಾಗಿಹಿಟ್ಟು ಮೂರು ತಿಂಗಳಲ್ಲಿ ಮುಗಿಯಿತು. ಪೇಠೆಯಲ್ಲಿ ರಾಗಿ ಕೇಳಿದರೆ ಅಂಗಡಿಯವರು ಜೋಳ ತೋರಿಸಿ, ಇದಕ್ಕಿಂತ ಒಳ್ಳೆಯದು ಇನ್ನೇನಿದೆ ಅನ್ನುವ ಹಾಗೆ ನನ್ನ ಮುಖ ನೋಡುತ್ತಿದ್ದರು.

ನಮ್ಮ ಯಜಮಾನರು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಹೆಡ್ ಕ್ಲಾರ್ಕು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ವರ್ಗವಾಗಿ ಬಂದೆವು. ನಮಗೆ ಮಕ್ಕಳಿಲ್ಲ. ಮೂರು ವರ್ಷ ಕಣ್ಣುಮುಚ್ಚಿ ಕಳೆದುಬಿಡೋಣ ಅಂದುಕೊಂಡಿದ್ದೆವು. ಬಂದ ವರ್ಷವೇ ಅವರಿಗೆ ಸಕ್ಕರೆ ಕಾಯಿಲೆ ಅಂತ ತಿಳಿಯಿತು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರಲ್ಲ, ಇವರಿಗೆ ಎರಡನೆಯದು ಚೆನ್ನಾಗಿ ಬರುತ್ತಿತ್ತು, ಮೊದಲನೆಯದು ಸುತರಾಂ ಬರುತ್ತಿರಲಿಲ್ಲ. ತಟ್ಟೆಯ ಮುಂದೆ ಕೂತು, "ಪಾರ್ವತಿ, ಒಂದೇ ಒಂದು ಸೌಟು ಅನ್ನ ಕಣೇ, ಸಾರು ಉಳಿದಿದೆ," ಅನ್ನುತ್ತಿದ್ದರು. ಪರಊರು, ಮಾತಾಡಿಸುವವರಿಲ್ಲ, ಇರುವವರು ನಾವಿಬ್ಬರೇ. ಆ ಒಂದು ಸೌಟೂ ಇಲ್ಲ ಅನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಹಾಕುತ್ತಿದ್ದೆ. ಆರು ತಿಂಗಳಾದರೂ ಕಾಲಿಗೆ ಎದ್ದ ಹುಣ್ಣು ಮಾಯಲಿಲ್ಲ, ಕಣ್ಣು ಮಂಜಾಯಿತು. ಡಾಕ್ಟರು ನನ್ನ ಕಡೆ ತಿರುಗಿ, ಹೀಗೇ ಆದರೆ ಕಾಲು ಉಳಿಯುವುದಿಲ್ಲ, ಆಮೇಲೆ ಮನುಷ್ಯನೂ ಉಳಿಯುವುದಿಲ್ಲ ಅಂದರು. ಅಳತೆಯ ಊಟ ಮಾಡಿ ಮನೆಗೆ ಕಳಿಸುವ ಒಬ್ಬ ಹೆಂಗಸಿದ್ದಾರೆ ಅಂತ ಅವರೇ ಹೇಳಿದ್ದು.

ಆಕೆ ಗಂಗಾ ಕಾಕು. ಕಾಕು ಅಂದರೆ ಚಿಕ್ಕಮ್ಮ. ಅಕ್ಕಲಕೋಟದ ಹತ್ತಿರದ ಹಳ್ಳಿಯ ಹೊಲಮನೆಯವರು, ಅರವತ್ತರ ಆಸುಪಾಸಿನ ವಿಧವೆ. ನಮ್ಮ ವಾಡೆಯಿಂದ ಎರಡು ಗಲ್ಲಿ ಆಚೆ ಮನೆ. ಹತ್ತು ಹನ್ನೆರಡು ರೋಗಿಗಳಿಗೆ ದಿನಾ ಎರಡು ಹೊತ್ತು ಪಥ್ಯದ ಡಬ್ಬಿ ಕಟ್ಟುತ್ತಿದ್ದರು. ಮಿಲ್ಲಿನ ಕೆಲಸ ಬಿಟ್ಟ ಸಿದ್ರಾಮ ಮಾಮಾ ಅನ್ನುವ ಮುದುಕರು ಸೈಕಲ್ಲಿನ ಮೇಲೆ ಹಂಚುತ್ತಿದ್ದರು. ನಾನು ಮೊದಲ ದಿನ ಹೋಗಿ, ಹೇಗೆ ಮಾಡುತ್ತೀರಿ ಹೇಳಿಕೊಡಿ, ನಾನೇ ಮಾಡಿ ಹಾಕುತ್ತೇನೆ ಅಂದೆ.

"ಮಾಡೂದೇನ ದೊಡ್ಡದಲ್ಲ ತಂಗಿ," ಅಂದರು ಕಾಕು. "ಒಂದೂವರಿ ರೊಟ್ಟಿ, ಮೆಂತ್ಯಾ ಪಲ್ಯ, ಮಡಕಿ ಕಾಳ, ಮಜ್ಜಿಗಿ. ಅಷ್ಟ. ಆದ್ರ ಅವ್ರು ಇನ್ನೊಂದ ಹಾಕು ಅಂದಾಗ ಇಲ್ಲ ಅಂತೀಯೇನ?"

ನನಗೆ ಆ ಒಂದು ಸೌಟು ಅನ್ನ ನೆನಪಾಯಿತು.

"ನಮ್ಮ ಮನಿಯವರಿಗೂ ಸಕ್ಕರಿ ಇತ್ತು. ಕೇಳಿದಾಗೆಲ್ಲ ಕೊಟ್ಟೆ. ಪಾಪ ಅಂತ ಕೊಟ್ಟೆ. ಕೊಟ್ಟ ಕೊಟ್ಟ ಕಳಿಸೇಬಿಟ್ಟೆ ನೋಡು. ಈಗ ಮಂದಿಗೆ ಮಾಡಾಕತ್ತೀನಿ. ಮಂದಿ ನನ್ನ ಕಡೆ ಇನ್ನೊಂದ ಕೇಳಂಗಿಲ್ಲ. ನಾ ಅವ್ರ ಹೆಂಡ್ತಿ ಅಲ್ಲಲ್ಲ, ಅದಕ್ಕ."

ಮರುದಿನದಿಂದ ಡಬ್ಬಿ ಶುರುವಾಯಿತು. ಮಧ್ಯಾಹ್ನದ್ದು ಆಫೀಸಿಗೆ, ಸಂಜೆಯದು ಮನೆಗೆ.

ಇದರ ಒಳ್ಳೆಯದು ಕೆಟ್ಟದ್ದು ಏನು ಅಂತ ತಂಗಿ ಕಾಗದದಲ್ಲಿ ಕೇಳುತ್ತಿದ್ದಳು. ಅವಳ ಮಾವನವರಿಗೂ ಅದೇ ಕಾಯಿಲೆ. ಒಳ್ಳೆಯದು ಹೇಳುವುದು ಸುಲಭ. ಅಳತೆ ತಪ್ಪುವುದಿಲ್ಲ, ಹೊತ್ತು ತಪ್ಪುವುದಿಲ್ಲ, ಮನೆಯಲ್ಲಿ ಜಗಳವಿಲ್ಲ. ಡಬ್ಬಿಯಲ್ಲಿ ಇದ್ದಷ್ಟೇ ಊಟ. ಮುಗಿದರೆ ಎದ್ದು ಕೈ ತೊಳೆಯಬೇಕು. ಕಾಲಿನ ಹುಣ್ಣು ಒಣಗಿತು. ಮಂಜಾಗಿದ್ದ ಕಣ್ಣಿಗೆ ಪೇಪರಿನ ಅಕ್ಷರ ಕಾಣತೊಡಗಿತು. ಕೆಟ್ಟದ್ದನ್ನು ಮಾತ್ರ ಹೇಗೆ ಬರೆಯಲಿ? ಮದುವೆಯಾದ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನನ್ನ ಗಂಡ ನನ್ನೆದುರೇ ಕೂತು ಇನ್ನೊಬ್ಬರು ಮಾಡಿದ್ದನ್ನು ಉಣ್ಣುತ್ತಿದ್ದರು, ನಾನು ಲೋಟಕ್ಕೆ ನೀರು ಬಗ್ಗಿಸುತ್ತಿದ್ದೆ. ಒಬ್ಬಳಿಗಾಗಿ ಏನು ಅಡುಗೆ? ಒಗ್ಗರಣೆಯ ವಾಸನೆಗೆ ಅವರಿಗೆ ಆಸೆಯಾದೀತೆಂದು ನಾನು ಮಜ್ಜಿಗೆ ಅನ್ನ, ಉಪ್ಪಿನಕಾಯಿಯಲ್ಲಿ ಮುಗಿಸುತ್ತಿದ್ದೆ. ಊರಿನಲ್ಲಿ ಗಂಡಸರು ಮನೆ ಊಟ ಬಿಟ್ಟು ಹೋಟೆಲಿಗೆ ಹೋದರೆ ಹೆಂಡತಿಗೆ ಅವಮಾನ ಅನ್ನುತ್ತಿದ್ದರು. ಇಲ್ಲಿ ಆ ಅವಮಾನ ದಿನಾ ಎರಡು ಹೊತ್ತು ಮನೆ ಬಾಗಿಲಿಗೇ ಬರುತ್ತಿತ್ತು. ಅದೇ ಅವರ ಜೀವ ಉಳಿಸುತ್ತಿತ್ತು ಕೂಡ. ತಂಗಿಗೆ ಬರೀ ಒಳ್ಳೆಯದನ್ನೇ ಬರೆದೆ.

ಇವರು ಕಳ್ಳಾಟ ಆಡಲಿಲ್ಲವೆಂದಲ್ಲ. ಒಂದು ಸಲ ದಿಂಬಿನ ಕೆಳಗೆ ಬೆಲ್ಲ ಸಿಕ್ಕಿತು. ಇನ್ನೊಂದು ಸಲ ಆಫೀಸಿನಿಂದ ಬಂದಾಗ ಮೀಸೆಗೆ ಶೇಂಗಾ ಹೋಳಿಗೆಯ ಪುಡಿ ಅಂಟಿತ್ತು. ಅಂಥದ್ದರಲ್ಲಿ ಒಂದು ಸಂಜೆ, "ಮೈ ಬೆವರಿ ಕೈ ನಡುಗಿದರೆ ತಕ್ಷಣ ಒಂದು ಚಮಚ ಸಕ್ಕರೆ ತಿನ್ನಬೇಕಂತೆ ಕಣೇ, ಡಾಕ್ಟರು ಹೇಳಿದಾರೆ," ಅಂದರು. ನಾನು ಬಿದ್ದುಬಿದ್ದು ನಕ್ಕೆ. "ಎಂಥಾ ಡಾಕ್ಟರು ರೀ ನಿಮಗೆ ಸಿಕ್ಕಿದ್ದು! ನಾಳೆ ಜಾಮೂನು ಬರೆದುಕೊಡ್ತಾರೇನೋ ಕೇಳಿ," ಅಂದೆ. ಅವರೂ ನಕ್ಕರು. ಸಕ್ಕರೆ ಡಬ್ಬವನ್ನು ಕೆಳಗಿನ ಮನೆಯವರಿಗೆ ಕೊಟ್ಟುಬಿಟ್ಟಿದ್ದೆ. ನಾನೂ ಸಕ್ಕರೆಯಿಲ್ಲದ ಕಾಫಿ ಕುಡಿಯುತ್ತಿದ್ದೆ.

ಎರಡನೆಯ ವರ್ಷ, ರಕ್ತಪರೀಕ್ಷೆ ಚೆನ್ನಾಗಿ ಬಂದ ಮೇಲೆ, ಅಕ್ಕಲಕೋಟದ ಸ್ವಾಮಿಯ ದರ್ಶನಕ್ಕೆ ಹೋಗಿಬರೋಣ ಅಂದರು. ಹರಕೆ ಹೊತ್ತಿದ್ದರಂತೆ. ಒಂದು ಗುರುವಾರ ಬೆಳಿಗ್ಗೆ ಕೆಂಪು ಬಸ್ಸು ಹತ್ತಿದೆವು. ಕಾಕು ಡಬ್ಬಿ ಕಟ್ಟಿಕೊಟ್ಟು, "ಹನ್ನೆರಡಕ್ಕ ಉಣ್ರಿ ಮತ್ತ. ದೇವ್ರು ಎಲ್ಲಿ ಓಡಿ ಹೋಗಂಗಿಲ್ಲ," ಅಂದಿದ್ದರು. ಆದರೆ ದರ್ಶನಕ್ಕೆ ಮುಂಚೆ ಬಾಯಿಗೆ ಏನೂ ಹಾಕಬಾರದು ಅನ್ನುವುದು ನಮ್ಮ ಮನೆಯ ಪದ್ಧತಿ. ಬೆಳಗಿನಿಂದ ಇಬ್ಬರೂ ಚಹಾ ಕೂಡ ಕುಡಿದಿರಲಿಲ್ಲ. ಇವರು ಹೊತ್ತು ತಪ್ಪದ ಮನುಷ್ಯ, ಹನ್ನೊಂದೂವರೆಗೆ ವಾಡಿಕೆಯಂತೆ ಊಟಕ್ಕೆ ಮುಂಚಿನ ಮಾತ್ರೆ ನುಂಗಿದರು. ಸಾಲು ಉದ್ದವಿತ್ತು. ಹನ್ನೆರಡಾಯಿತು, ಒಂದಾಯಿತು. ಡಬ್ಬಿ ನನ್ನ ಕೈಯಲ್ಲೇ ತೂಗುತ್ತಿತ್ತು.

ಅವರ ಕುತ್ತಿಗೆಯ ಮೇಲೆ ಬೆವರು ಇಳಿಯುತ್ತಿತ್ತು. ಬಿಸಿಲು ಅಂದುಕೊಂಡೆ. "ಪಾರ್ವತಿ, ಆ ಹೆಂಗಸಿನ ಕೈಯಲ್ಲಿ ಪೇಡೆ ಇದೆ ನೋಡು. ಒಂದು ಇಸ್ಕೊಂಡು ಕೊಡು," ಅಂದರು. ಕೈ ನಡುಗುತ್ತಿತ್ತು.

"ಶುರುವಾಯ್ತಾ ನಿಮ್ಮ ನಾಟಕ? ದೇವರ ಮುಂದೂ ಬಿಡಲ್ವಾ?"

"ಇಲ್ಲ ಕಣೇ. ನಿಜವಾಗಿ. ಕೊಡೇ."

ಅವರೇ ಕೈ ಚಾಚಿದರು. ಆ ಕೈಯನ್ನು ನಾನು ಹಿಡಿದು ಕೆಳಗಿಳಿಸಿದೆ. ಎಷ್ಟು ಗಟ್ಟಿಯಾಗಿ ಹಿಡಿದಿದ್ದೆನೆಂದರೆ ಬಳೆಯೊಂದು ಒಡೆಯಿತು. ಎರಡು ನಿಮಿಷ ಆಗಿರಬಹುದು, ಗೋಣಿಚೀಲ ಜಾರಿದ ಹಾಗೆ ಗೋಡೆಯ ಬುಡಕ್ಕೆ ಕುಸಿದರು. ಕಣ್ಣು ತೆರೆದೇ ಇತ್ತು, ನನ್ನ ಗುರುತು ಹಿಡಿಯುತ್ತಿರಲಿಲ್ಲ. ನಾನು ಅವರಿಗೆ ಗಾಳಿ ಹಾಕುತ್ತ ಸ್ವಾಮಿ ಸ್ವಾಮಿ ಅಂತ ಕೂಗುತ್ತಿದ್ದೆ. ಹಿಂದೆ ನಿಂತಿದ್ದ ಹೊಲಗೆಲಸದ ಹೆಂಗಸೊಬ್ಬಳು ಜನರನ್ನು ತಳ್ಳಿಕೊಂಡು ಬಂದಳು.

"ಸಕ್ಕರಿ ಬ್ಯಾನಿ ಐತೇನ ಇವ್ರಿಗೆ? ಗುಳಗಿ ತಗೊಂಡಾರೇನ?"

"ಹೌದು. ಅವರಿಗೆ ಸಿಹಿ ಕೊಡಬೇಡಿ, ಸಿಹಿ ಮಾತ್ರ ಕೊಡಬೇಡಿ," ಅಂದೆ.

"ಸರಿಯವ್ವಾ ಅತ್ಲಾಗ! ಗುಳಗಿ ತಗೊಂಡು ಉಣದಿದ್ರ ಸಕ್ಕರಿ ಇಳೀತೈತಿ, ನಮ್ಮಣ್ಣಗೂ ಹಿಂಗ ಆಗತೈತಿ. ಎಂಥಾ ಹೆಣಮಗಳು ನೀ, ಜೀವ ಹೋಗಾಕತ್ತೈತಿ, ಬ್ಯಾಡಂತಿ!" ಸೆರಗಿನ ಗಂಟು ಬಿಚ್ಚಿ ಬೆಲ್ಲದ ಚೂರನ್ನು ಬೆರಳಲ್ಲಿ ಪುಡಿ ಮಾಡಿ ಅವರ ಕೆನ್ನೆಯ ಒಳಗೆ ಸವರಿದಳು. ನುಂಗುವಷ್ಟು ಎಚ್ಚರ ಬಂದ ಮೇಲೆ ಪೇಡೆ ತಿನ್ನಿಸಿದಳು. ಸ್ವಲ್ಪ ಹೊತ್ತಿಗೆ ಅವರ ನೋಟ ತಿಳಿಯಾಯಿತು. ಮೊದಲು ಅವಳ ಮುಖ ನೋಡಿದರು, ಆಮೇಲೆ ನನ್ನ ಮುಖ. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ದರ್ಶನವಿಲ್ಲದೆ ಹಿಂದಿರುಗಿದೆವು. ಬಸ್ಸಿನಲ್ಲಿ ಡಬ್ಬಿ ಬಿಚ್ಚಿಕೊಟ್ಟೆ, ಒಂದೂವರೆ ರೊಟ್ಟಿಯನ್ನೂ ತಿಂದು ಮುಗಿಸಿದರು.

ಅಂದಿನಿಂದ ಅವರು ತಿನ್ನಲು ನನ್ನಲ್ಲಿ ಏನನ್ನೂ ಕೇಳಲಿಲ್ಲ. ಸೌಟು ಅನ್ನಕ್ಕೆ ಗೋಗರೆಯುತ್ತಿದ್ದ ಮನುಷ್ಯ! ಜೇಬಿನಲ್ಲಿ ತಾವೇ ಒಂದು ಪುಟ್ಟ ಕಾಗದದಲ್ಲಿ ಸಕ್ಕರೆ ಕಟ್ಟಿಟ್ಟುಕೊಳ್ಳುತ್ತಿದ್ದರು. ನಾನು ಅಂಗಿ ಒಗೆಯುವಾಗ ಆ ಪೊಟ್ಟಣ ತೆಗೆದಿಟ್ಟು, ಒಣಗಿದ ಮೇಲೆ ಮತ್ತೆ ಅದೇ ಜೇಬಿಗೆ ಹಾಕುತ್ತಿದ್ದೆ.

ಮೂರನೆಯ ವರ್ಷದ ಕೊನೆಗೆ ವರ್ಗದ ಆರ್ಡರು ಬಂತು. ತುಮಕೂರಿಗೇ. ಅದಕ್ಕಾಗಿ ಬಂದ ದಿನದಿಂದ ಅರ್ಜಿ ಬರೆಯುತ್ತಿದ್ದೆವು. ಅವರು ಮಗುವಿನ ಹಾಗೆ ಕಾಗದ ಹಿಡಿದು ಬಂದರು. ನಾನು ಬೇಡ ಅಂದೆ.

"ಏನು ಬೇಡ? ಹುಚ್ಚಾ ನಿನಗೆ?"

"ಅಲ್ಲಿ ಡಬ್ಬಿ ಎಲ್ಲಿದೆ? ಯಾರು ಮಾಡಿ ಹಾಕ್ತಾರೆ ನಿಮಗೆ?"

"ನೀನಿಲ್ವಾ?"

"ನಾನಿರೋದೇ ಅಲ್ಲವೇ ರೀ ಕಷ್ಟ. ಕೊಟ್ಟು ಕಾಲಿಗೆ ತಂದೆ. ಕೊಡದೆ ಜೀವಕ್ಕೆ ತಂದೆ. ನನ್ನ ಕೈ ಮೇಲೆ ನನಗೆ ನಂಬಿಕೆ ಹೋಗಿದೆ."

ಅವರು, ಹಾಗೆಲ್ಲ ಅನ್ನಬೇಡ ಅಂತ ಹೇಳಲಿ ಎಂದು ಕಾದೆ. ಅವರು ಕಾಗದ ಮಡಿಸಿ ಜೇಬಿಗೆ ಹಾಕಿ, "ಸರಿ, ಬೇಡ ಅಂತ ಬರೆದುಕೊಡ್ತೀನಿ," ಅಂದರು. ಅಷ್ಟು ಬೇಗ ಒಪ್ಪಿದ್ದು ನನ್ನ ಎದೆಗೆ ಚುಚ್ಚಿತು.

ಹಾಗೆ ನಾವು ಇಲ್ಲಿಯವರಾದೆವು. ಜನ ಹೊಲಕ್ಕೆ, ಮಿಲ್ಲಿಗೆ, ಮಕ್ಕಳ ಓದಿಗೆ ಅಂತ ಊರು ಬಿಡುತ್ತಾರೆ. ನಾವು ಒಂದೂವರೆ ರೊಟ್ಟಿಗೆ ಬಿಟ್ಟೆವು. ತುಮಕೂರಿಗೆ ಹೋದರೆ ತಂಗಿಯ ಮಕ್ಕಳು ನನ್ನ "ಹೌದ್ರಿ", "ಬರ್ರಿ" ಕೇಳಿ ನಗುತ್ತಾರೆ. ಇಲ್ಲಿ ವಾಡೆಯಲ್ಲಿ ನಾನು ಇವತ್ತಿಗೂ ಮೈಸೂರು ಕಡೆಯ ವೈನಿ. ಅಲ್ಲಿ ಎರಡನೆಯ ದಿನಕ್ಕೆ ರೊಟ್ಟಿ ಬೇಕೆನಿಸುತ್ತದೆ, ಇಲ್ಲಿ ಮಳೆ ಬಂದರೆ ಹುರುಳಿಸಾರಿನ ನೆನಪಾಗಿ ಕಣ್ಣಲ್ಲಿ ನೀರು ಬರುತ್ತದೆ. ಅಲ್ಲಿ ನಿಲ್ಲಲಾಗುವುದಿಲ್ಲ, ಇಲ್ಲಿ ಮನಸ್ಸು ನಿಲ್ಲುವುದಿಲ್ಲ.

ನಾವು ಬಂದು ಹತ್ತು ವರ್ಷವಾಯಿತು. ಹೋದ ವರ್ಷ ಗಂಗಾ ಕಾಕುವಿಗೆ ಕಣ್ಣಿನ ಪೊರೆ ಬಲಿಯಿತು. ರೊಟ್ಟಿ ಹಂಚಿನ ಮೇಲೆ ಸೀದರೂ ಕಾಣುತ್ತಿರಲಿಲ್ಲ. ಒಂದು ದಿನ ನನ್ನನ್ನು ಕರೆಸಿ, "ತಂಗಿ, ನನ್ನ ಕೈ ಹಿಡಿ," ಅಂದರು. ಈಗ ಯಜಮಾನರು ಆಫೀಸಿಗೆ ಹೋದ ಮೇಲೆ ನಾನು ಕಾಕುವಿನ ಮನೆಗೆ ಹೋಗುತ್ತೇನೆ. ಆಕೆ ಮಣೆಯ ಮೇಲೆ ಕೂತು ಅಳತೆ ಹೇಳುತ್ತಾರೆ, ನಾನು ರೊಟ್ಟಿ ಬಡಿಯುತ್ತೇನೆ, ಬೇಯಿಸುತ್ತೇನೆ, ಹನ್ನೆರಡು ಡಬ್ಬಿ ಕಟ್ಟುತ್ತೇನೆ, ಅದರಲ್ಲೊಂದು ಇವರದ್ದು. ಯಜಮಾನರು ಮನೆಗೆ ಬರುವ ಹೊತ್ತಿಗೆ ನಾನು ಮುಖ ತೊಳೆದು ಬೇರೆ ಸೀರೆ ಉಟ್ಟಿರುತ್ತೇನೆ. ಸಿದ್ರಾಮ ಮಾಮಾ ಬಾಗಿಲಲ್ಲಿ ದನಿ ತಗ್ಗಿಸಿ, "ಹೇಳಿಬಿಡ್ರಿ ವೈನಿ, ಎಷ್ಟ ದಿವಸ ಮುಚ್ಚತೀರಿ," ಅನ್ನುತ್ತಾರೆ. ಹೇಳಿದರೆ ಅವರು ಮತ್ತೆ ಇನ್ನೊಂದು ರೊಟ್ಟಿ ಕೇಳುತ್ತಾರೋ, ಇಲ್ಲವೇ ಆ ಒಂದೂವರೆಯನ್ನೂ ದೂರ ತಳ್ಳುತ್ತಾರೋ ನನಗೆ ಗೊತ್ತಿಲ್ಲ. ಎರಡಕ್ಕೂ ಹೆದರಿ ಹೇಳಿಲ್ಲ.

ನಿನ್ನೆ ಸಂಜೆ ಮೆಂತ್ಯದ ಪಲ್ಯ ಪೂರ್ತಿ ಮುಗಿಸಿ ಡಬ್ಬಿ ನನ್ನ ಕಡೆ ಸರಿಸಿದರು.

"ಇವತ್ತು ಬಹಳ ಚೆನ್ನಾಗಿತ್ತು ಕಣೇ. ಕಾಕುಗೆ ಹೇಳು."

"ಹೇಳ್ತೀನಿ," ಅಂದೆ.